ಖಡ್ಗದ ಶ್ರದ್ಧೆ, ನೆಲದ ಶ್ರದ್ಧೆ
(ಸಂಘದ ಉಪನ್ಯಾಸ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



‘ಮತ, ಧರ್ಮಯುದ್ಧ ಮತ್ತು ಕ್ರೈಸ್ತ ಶ್ರದ್ಧೆಯ ಪುನರುಜ್ಜೀವನ’ ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಸೂಚಿಸಿದಾಗ, ಇದಕ್ಕಾಗಿ ಜೆರುಸಲೇಮಿನವರೆಗೆ ಹೋಗಬೇಕಾಗಿಲ್ಲವೆಂದು ನನಗೆ ತೋರಿತು. ಚರ್ಚ್‌ಗೇಟಿನಲ್ಲಿ ವಿರಾರ್ ಲೋಕಲ್ ಹತ್ತಿದರೆ ಸಾಕು. ದಾರಿಯಲ್ಲಿ ಬೊರಿವಲಿಯ ಒಂದು ಗುಹೆಯೂ ಅದರಾಚೆ ವಸಾಯಿಯ ಕೋಟೆಯೂ ಈ ವಿಷಯದ ಬಹುಪಾಲನ್ನು ಹೇಳಿಬಿಡುತ್ತವೆ. ನಾನು ದೇವಶಾಸ್ತ್ರಜ್ಞನಲ್ಲ. ಚರಿತ್ರೆಯನ್ನು ಓದಿ, ಸರ್ಕಾರಿ ಸೇವೆಗೆ ಸೇರಿ, ಈ ಮಹಾನಗರದಲ್ಲಿ ನೆಲೆಸಿದವನು. ಆ ಮಿತಿಯೊಳಗೆ ನನ್ನ ವಿಚಾರಗಳನ್ನು ತಮ್ಮ ಮುಂದಿಡುತ್ತೇನೆ.

ಮೊದಲು ‘ಧರ್ಮಯುದ್ಧ’ವೆಂಬ ಪದವನ್ನೇ ವಿಚಾರಿಸೋಣ. ನಮ್ಮ ಪತ್ರಿಕೆಗಳು ಕ್ರುಸೇಡಿಗೂ ಜಿಹಾದಿಗೂ ಈ ಒಂದೇ ಪದವನ್ನು ಬಳಸುತ್ತವೆ. ಆದರೆ ಮಹಾಭಾರತದ ಪರಂಪರೆಯಲ್ಲಿ ಈ ಪದಕ್ಕೆ ಬೇರೆಯೇ ಅರ್ಥವಿದೆ. ನಿರಾಯುಧನನ್ನು ಹೊಡೆಯಬಾರದು, ಓಡುವವನನ್ನು ಬೆನ್ನಟ್ಟಿ ಕೊಲ್ಲಬಾರದು, ಸೂರ್ಯಾಸ್ತದ ಮೇಲೆ ಕಾದಬಾರದು ಎಂಬ ಕಟ್ಟುಪಾಡಿನ ಯುದ್ಧವದು. ಕುರುಕ್ಷೇತ್ರದಲ್ಲಿ ಆ ಕಟ್ಟುಪಾಡು ಉಳಿಯಲಿಲ್ಲವೆಂಬುದು ಬೇರೆ ಮಾತು. ತನ್ನ ದೇವರನ್ನು ಪರರ ಮೇಲೆ ಹೇರಲು ನಡೆಸುವ ಯುದ್ಧವನ್ನು ‘ಮತಯುದ್ಧ’ವೆಂದು ಕರೆಯುವುದೇ ನ್ಯಾಯ. ಇಂದಿನ ಭಾಷಣದಲ್ಲಿ ನಾನು ಆ ಪದವನ್ನೇ ಬಳಸುತ್ತೇನೆ.

ಕ್ರಿ.ಶ. 1095ರಲ್ಲಿ ಫ್ರಾನ್ಸಿನ ಕ್ಲೆರ್ಮಾಂಟಿನಲ್ಲಿ ಎರಡನೆಯ ಅರ್ಬನ್ ಪೋಪರು ಮೊದಲ ಮತಯುದ್ಧಕ್ಕೆ ಕರೆಕೊಟ್ಟರು. 1099ರಲ್ಲಿ ಜೆರುಸಲೇಮು ವಶವಾಯಿತು. ನಗರದ ಮುಸ್ಲಿಮರೂ ಯಹೂದ್ಯರೂ ಸಾಮೂಹಿಕವಾಗಿ ಹತರಾದರು. 1204ರಲ್ಲಿ ಅದೇ ಹೆಸರಿನ ಇನ್ನೊಂದು ಸೈನ್ಯ ಕ್ರೈಸ್ತರದೇ ಆದ ಕಾನ್‌ಸ್ಟಾಂಟಿನೋಪಲ್ ನಗರವನ್ನು ಸೂರೆಮಾಡಿತು. ಮತದ ಹೆಸರಿನಲ್ಲಿ ಎತ್ತಿದ ಕತ್ತಿ ಕೊನೆಗೆ ಸ್ವಮತೀಯರನ್ನೂ ಬಿಡಲಿಲ್ಲ. ಅದೇ ಕಾಲದಲ್ಲಿ, 1219ರಲ್ಲಿ, ಅಸಿಸಿಯ ಫ್ರಾನ್ಸಿಸ್ ಎಂಬ ಬಡ ಸನ್ಯಾಸಿ ಈಜಿಪ್ಟಿನ ರಣರಂಗವನ್ನು ದಾಟಿ, ನಿರಾಯುಧನಾಗಿ ಸುಲ್ತಾನ ಅಲ್-ಕಾಮಿಲನನ್ನು ಕಂಡು ಮಾತನಾಡಿ, ಸುರಕ್ಷಿತನಾಗಿ ಮರಳಿದನೆಂಬುದನ್ನೂ ನೆನೆಯಬೇಕು. ಕ್ರೈಸ್ತ ಚರಿತ್ರೆಯಲ್ಲಿ ಈ ಎರಡು ದಾರಿಗಳೂ ಇವೆ. ಎರಡೂ ನಮ್ಮ ಮುಂಬಯಿಗೆ ಬಂದಿವೆ.

ಮೊದಲನೆಯದು ಪೋರ್ಚುಗೀಸರ ಹಡಗಿನಲ್ಲಿ ಬಂದಿತು. 1455ರ ಪೋಪರ ಆಜ್ಞಾಪತ್ರವೊಂದು ಪರಮತೀಯರ ನಾಡುಗಳನ್ನು ಗೆಲ್ಲುವ ಹಕ್ಕನ್ನು ಪೋರ್ಚುಗಲ್ಲಿನ ಅರಸನಿಗೆ ಕೊಟ್ಟಿತ್ತು. ಹುಮಾಯೂನನ ಭೀತಿಯಲ್ಲಿದ್ದ ಗುಜರಾತಿನ ಸುಲ್ತಾನ ಬಹಾದೂರ್ ಷಹನು 1534ರ ಡಿಸೆಂಬರಿನ ಒಪ್ಪಂದದಲ್ಲಿ ವಸಾಯಿಯನ್ನೂ ಮುಂಬಯಿ ಸಾಷ್ಟಿಗಳ ದ್ವೀಪಗಳನ್ನೂ ಅವರಿಗೆ ಬಿಟ್ಟುಕೊಟ್ಟನು. ಅಂದಿನಿಂದ ಸುಮಾರು ಇನ್ನೂರು ವರ್ಷ ಈ ಕರಾವಳಿ ಅವರ ಆಡಳಿತದಲ್ಲಿತ್ತು.

ಬೊರಿವಲಿಯ ಮಂಡಪೇಶ್ವರಕ್ಕೆ ಹೋಗಿ ನೋಡಿ. ಸಾವಿರ ವರ್ಷಕ್ಕೂ ಹಿಂದಿನ ಶೈವ ಗುಹೆಯದು; ಭಗ್ನವಾದರೂ ನಟರಾಜನ ಶಿಲ್ಪ ಇಂದಿಗೂ ಇದೆ. 16ನೆಯ ಶತಮಾನದಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ಆ ಗುಹೆಯನ್ನೇ ಪ್ರಾರ್ಥನಾಮಂದಿರವಾಗಿಸಿ, ಬಂಡೆಯ ಮೇಲೆ ಶಿಲುಬೆಯನ್ನು ಕೆತ್ತಿ, ಗುಹೆಯ ನೆತ್ತಿಯ ಮೇಲೆ ಇಗರ್ಜಿಯನ್ನು ಕಟ್ಟಿದರು. ಸುಲ್ತಾನನೆದುರು ಬರಿಗೈಯಲ್ಲಿ ನಿಂತ ಆ ಫ್ರಾನ್ಸಿಸನ ಹೆಸರನ್ನೇ ಹೊತ್ತ ಪಂಥ ಇದನ್ನು ಮಾಡಿತೆಂಬುದು ಚರಿತ್ರೆಯ ವ್ಯಂಗ್ಯ. ಇಂದು ಮೇಲಿನ ಇಗರ್ಜಿ ಪಾಳುಗೋಡೆಯಾಗಿದೆ. ಕೆಳಗೆ ಮತ್ತೆ ಶಿವಪೂಜೆ ನಡೆಯುತ್ತಿದೆ.

1739ರ ಮೇ ತಿಂಗಳಲ್ಲಿ ಚಿಮಾಜಿ ಅಪ್ಪಾ ದೀರ್ಘ ಮುತ್ತಿಗೆಯ ನಂತರ ವಸಾಯಿ ಕೋಟೆಯನ್ನು ಗೆದ್ದನು. ಈ ಕಡೆಯ ಯುದ್ಧಕ್ಕೂ ಹರಕೆಯ ಬಲವಿತ್ತು. ವಜ್ರೇಶ್ವರಿಯ ದೇವಾಲಯ ಆ ವಿಜಯದ ಹರಕೆಯದೆಂದು ಪ್ರಸಿದ್ಧಿ. ವಸಾಯಿಯ ಇಗರ್ಜಿಗಳ ಗಂಟೆಗಳು ದೇವಾಲಯಗಳನ್ನು ಸೇರಿದವು. ಭೀಮಾಶಂಕರದಲ್ಲಿಯೂ ನಾಸಿಕದ ನಾರೋಶಂಕರ ದೇಗುಲದಲ್ಲಿಯೂ ಪೋರ್ಚುಗೀಸರ ಕಾಲದ ಗಂಟೆಗಳನ್ನು ಯಾತ್ರಿಕರು ಇಂದಿಗೂ ಕಾಣುತ್ತಾರೆ.

ಬಾಂಧವರೇ, ಈಗ ಒಂದು ಪ್ರಶ್ನೆ. ಕೋಟೆ ಬಿತ್ತು, ಗವರ್ನರನು ಹೋದನು, ಪರಂಗಿ ಪಾದ್ರಿಗಳೂ ಹೊರಟುಹೋದರು. ಆದರೆ ವಸಾಯಿಯ ಕ್ರೈಸ್ತರು ಏಕೆ ಕ್ರೈಸ್ತರಾಗಿಯೇ ಉಳಿದರು? ಆ ಶ್ರದ್ಧೆ ಕೇವಲ ಖಡ್ಗದ್ದಾಗಿದ್ದರೆ ಖಡ್ಗದೊಂದಿಗೇ ಹೋಗಬೇಕಿತ್ತು. ಅದು ಅಷ್ಟರಲ್ಲಿ ಈ ನೆಲದ ಮಾತನ್ನು ಕಲಿತಿತ್ತೆಂಬುದೇ ನನ್ನ ಉತ್ತರ. ಊರಿನವರೇ ಆದ ಪಾದ್ರಿಗಳು ಅದನ್ನು ಕಾಪಾಡಿದರು. ವಸಾಯಿಯ ಕ್ರೈಸ್ತರ ಮನೆಮಾತು ಕಾದೋಡಿ, ವಾಡವಳಿ ಮೊದಲಾದ ಮರಾಠಿಯ ಪ್ರಭೇದಗಳು. ಅವರ ಅಜ್ಜಿಯರು ಉಟ್ಟಿದ್ದು ಈ ಕರಾವಳಿಯ ಲುಗಡೆ. ಮದುವೆಯಲ್ಲಿ ವಾದ್ಯಸಮೇತ ಹೋಗಿ ಬಾವಿಯ ನೀರು ತರುವ ಶಾಸ್ತ್ರವನ್ನೂ ಈ ಸೀಮೆಯ ಕ್ರೈಸ್ತರು ಬಿಡಲಿಲ್ಲ.

ಇದಕ್ಕೆ ಹಿಂದೆಯೇ ಒಂದು ಸೂಚನೆ ದೊರೆತಿತ್ತು. ಗೋವೆಯಲ್ಲಿದ್ದ ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸ್ವಿಟ್ ಪಾದ್ರಿ ಮರಾಠಿಯ ಓವಿ ಛಂದಸ್ಸಿನಲ್ಲಿ ‘ಕ್ರಿಸ್ತಪುರಾಣ’ವನ್ನು ರಚಿಸಿ 1616ರಲ್ಲಿ ಪ್ರಕಟಿಸಿದನು. ಬೈಬಲಿನ ಕಥೆ ಅಲ್ಲಿ ನಮ್ಮ ಪುರಾಣಶ್ರವಣದ ಧಾಟಿಯನ್ನು ಪಡೆಯಿತು. ಆದರೆ 1684ರಲ್ಲಿ ಗೋವೆಯ ಆಡಳಿತವು ಜನರು ತಮ್ಮ ದೇಶಭಾಷೆಯನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕೆಂದು ಆಜ್ಞೆ ಹೊರಡಿಸಿತು. ಆ ಆಜ್ಞೆ ಕಡತದಲ್ಲಿ ಉಳಿಯಿತು. ಕೊಂಕಣಿ ಜನರ ನಾಲಿಗೆಯಲ್ಲಿ ಉಳಿಯಿತು.

ಪುನರುಜ್ಜೀವನದ ಇನ್ನೊಂದು ಘಟ್ಟವೂ ಮುಂಬಯಿಗೆ ಸೇರಿದ್ದು. 1964ರ ಡಿಸೆಂಬರಿನಲ್ಲಿ ಇಲ್ಲಿ ನಡೆದ ಅಂತರರಾಷ್ಟ್ರೀಯ ಪರಮಪ್ರಸಾದ ಮಹಾಸಮ್ಮೇಳನಕ್ಕೆ ಆರನೆಯ ಪಾಲ್ ಪೋಪರು ಬಂದರು. ಭಾರತದ ನೆಲದ ಮೇಲೆ ಕಾಲಿಟ್ಟ ಮೊದಲ ಪೋಪರು ಅವರು. ಅನ್ಯಮತಗಳ ಪ್ರತಿನಿಧಿಗಳನ್ನು ಉದ್ದೇಶಿಸಿ ಮಾತನಾಡುತ್ತಾ ಅವರು ಉಲ್ಲೇಖಿಸಿದ್ದು ಬೃಹದಾರಣ್ಯಕ ಉಪನಿಷತ್ತಿನ ಪ್ರಾರ್ಥನೆಯನ್ನು, ನಮ್ಮ ಮಕ್ಕಳು ಶಾಲೆಯಲ್ಲಿ ಹೇಳುವ, ಕತ್ತಲೆಯಿಂದ ಬೆಳಕಿಗೆ ನಡೆಸೆಂದು ಬೇಡುವ ಪ್ರಾರ್ಥನೆಯನ್ನು. ಮರುವರ್ಷ, 1965ರ ಅಕ್ಟೋಬರ್ 28ರಂದು, ಎರಡನೆಯ ವ್ಯಾಟಿಕನ್ ಮಹಾಸಭೆ ಅನ್ಯಮತಗಳಲ್ಲಿರುವ ಸತ್ಯವಾದುದನ್ನೂ ಪವಿತ್ರವಾದುದನ್ನೂ ತಾನು ತಿರಸ್ಕರಿಸುವುದಿಲ್ಲವೆಂದು ಘೋಷಿಸಿತು. ಅದೇ ಮಹಾಸಭೆಯ ನಿರ್ಣಯದಿಂದ ಲ್ಯಾಟಿನ್ ಪೂಜಾವಿಧಿ ಕನ್ನಡಕ್ಕೂ ಕೊಂಕಣಿಗೂ ಮರಾಠಿಗೂ ಬಂದಿತು. 2000ದ ಮಾರ್ಚಿಯಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಸತ್ಯದ ಹೆಸರಿನಲ್ಲಿ ನಡೆದ ಹಿಂಸೆಗಾಗಿ ಸಾರ್ವಜನಿಕವಾಗಿ ಕ್ಷಮೆ ಬೇಡಿದರು. 2023ರಲ್ಲಿ ವ್ಯಾಟಿಕನ್ 15ನೆಯ ಶತಮಾನದ ಆ ಆಜ್ಞಾಪತ್ರಗಳ ಮೇಲೆ ಕಟ್ಟಿದ ಸಿದ್ಧಾಂತವನ್ನು ನಿರಾಕರಿಸಿತು. ವಿಳಂಬವಾಯಿತೆನ್ನಬಹುದು, ಆದರೂ ಇದು ಸಣ್ಣ ಮಾತಲ್ಲ.

ಈ ಪುನರುಜ್ಜೀವನಕ್ಕೆ ಮುಖವೊಂದು ಬೇಕಿದ್ದರೆ ವಸಾಯಿಯ ಫಾದರ್ ಫ್ರಾನ್ಸಿಸ್ ದಿಬ್ರಿಟೊ ಅವರನ್ನು ನೆನೆಯಿರಿ. ‘ಸುವಾರ್ತಾ’ ಮಾಸಿಕದ ಸಂಪಾದಕರಾಗಿ, ‘ಸುಬೋಧ ಬೈಬಲ್’ ಕರ್ತೃವಾಗಿ, ವಸಾಯಿಯ ಹಸಿರನ್ನು ಉಳಿಸುವ ಚಳವಳಿಯ ಮುಂದಾಳಾಗಿ ಅವರು ದುಡಿದರು. 2020ರಲ್ಲಿ ಉಸ್ಮಾನಾಬಾದಿನಲ್ಲಿ ನಡೆದ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದಾಗ, ಪಾದ್ರಿಯೊಬ್ಬರಿಗೆ ಈ ಪೀಠವೇಕೆಂದು ಕೆಲವರು ಆಕ್ಷೇಪವೆತ್ತಿದರು. ಸಮ್ಮೇಳನ ಅವರ ಅಧ್ಯಕ್ಷತೆಯಲ್ಲಿಯೇ ನಡೆಯಿತು. 2024ರ ಜುಲೈಯಲ್ಲಿ ಅವರು ತೀರಿಕೊಂಡರು.

ಕನ್ನಡಿಗರಿಗೆ ಇದು ಹೊಸ ಪಾಠವೇನಲ್ಲ. ಬಾಸೆಲ್ ಮಿಷನ್ನಿನವರು ಮತಪ್ರಚಾರಕ್ಕಾಗಿಯೇ ಬಂದರು. ಆದರೆ ನಾವು ಇಂದು ಕೃತಜ್ಞತೆಯಿಂದ ನೆನೆಯುವುದು 1843ರಲ್ಲಿ ಮೊಗ್ಲಿಂಗ್ ಆರಂಭಿಸಿದ ‘ಮಂಗಳೂರ ಸಮಾಚಾರ’ವನ್ನು, 1894ರಲ್ಲಿ ಹೊರಬಂದ ಕಿಟ್ಟೆಲರ ನಿಘಂಟನ್ನು. ಜೈನರಿಗೂ ಶ್ರೀವೈಷ್ಣವರಿಗೂ ಕಲಹವಾದಾಗ ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಲ್ಲಿ ಹಿಡಿಸಿ ರಾಜಿಮಾಡಿದ ಬುಕ್ಕರಾಯನ 1368ರ ಶಾಸನ ಶ್ರವಣಬೆಳಗೊಳದಲ್ಲಿದೆ.

ಹಾಗಾದರೆ ಮತಾಂತರದ ಪ್ರಶ್ನೆಯೇನೆಂದು ಸಭಿಕರಲ್ಲಿ ಕೆಲವರು ಕೇಳಬಹುದು, ಕೇಳಬೇಕಾದದ್ದೇ. ಸಂವಿಧಾನದ 25ನೆಯ ವಿಧಿ ಮತವನ್ನು ಆಚರಿಸುವ, ಪ್ರಸಾರ ಮಾಡುವ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಪರರನ್ನು ಮತಾಂತರಿಸುವುದು ಅದರಡಿಯ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ಹೇಳಿತು. ವಂಚನೆ, ಬಲಾತ್ಕಾರ ನಡೆದರೆ ಕಾನೂನು ಇದೆ, ನ್ಯಾಯಾಲಯವಿದೆ. ಅದನ್ನು ಗುಂಪು ತನ್ನ ಕೈಗೆ ತೆಗೆದುಕೊಂಡಾಗ ಏನಾಗುತ್ತದೆಂಬುದನ್ನು 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾಮಂದಿರಗಳು ಕಂಡವು. 1992-93ರಲ್ಲಿ ಈ ನಗರವೂ ಮತದ ಹೆಸರಿನ ರಕ್ತಪಾತವನ್ನು ಕಂಡಿತು.

ಪರಭಾಷೆಯ ನಾಡಿನಲ್ಲಿ ಬದುಕು ಕಟ್ಟಿಕೊಂಡ ನಮಗೆ ಈ ವಿಷಯ ಕೇವಲ ಚರಿತ್ರೆಯಲ್ಲ. ‘ನೀನು ಹೊರಗಿನವನು’ ಎಂಬ ಮಾತು ಇಂದು ಮತದ ಹೆಸರಿನಲ್ಲಿ ಬಂದರೆ ನಾಳೆ ಭಾಷೆಯ ಹೆಸರಿನಲ್ಲಿ ನಮ್ಮ ಬಾಗಿಲಿಗೂ ಬರುತ್ತದೆ. ನಮ್ಮ ಸಂಘದಲ್ಲಿ ಮಂಗಳೂರಿನ ಕ್ರೈಸ್ತ ಸದಸ್ಯರಿದ್ದಾರೆ. ಬುಧವಾರದ ಮಾಹಿಮ್ ನೊವೇನಾಕ್ಕೂ ಸೆಪ್ಟೆಂಬರಿನ ಬಾಂದ್ರಾ ಜಾತ್ರೆಗೂ ಹೋಗಿ ಮೇಣದಬತ್ತಿ ಹಚ್ಚುವ ಹಿಂದೂ ಕನ್ನಡತಿಯರೂ ಇದ್ದಾರೆ. ಆ ಬತ್ತಿ ಹಚ್ಚುವಾಗ ಅವರನ್ನು ಯಾರೂ ಮತ ಕೇಳುವುದಿಲ್ಲ.

ಕೊನೆಗೊಂದು ಸಲಹೆ. ಸಂಘದ ಮುಂದಿನ ವಾರ್ಷಿಕ ಪ್ರವಾಸವನ್ನು ಮಂಡಪೇಶ್ವರಕ್ಕೂ ವಸಾಯಿ ಕೋಟೆಗೂ ಏರ್ಪಡಿಸಿ, ಯುವಕರನ್ನು ಕರೆತನ್ನಿ. ಪಾಳುಬಿದ್ದ ಇಗರ್ಜಿಗಳನ್ನು ನೋಡಿದ ಮೇಲೆ ಹತ್ತಿರದ ಯಾವುದಾದರೂ ಹಳ್ಳಿಯ ಇಗರ್ಜಿಯಲ್ಲಿ ನಡೆಯುವ ಮರಾಠಿ ಪ್ರಾರ್ಥನೆಯನ್ನೂ ಕೇಳಿಸಿ. ಯಾವುದು ಉಳಿಯಿತು, ಏಕೆ ಉಳಿಯಿತು ಎಂಬುದನ್ನು ಅವರೇ ಕಂಡುಕೊಳ್ಳಲಿ.