ಆವರ್ತ ಕೋಷ್ಟಕದಿಂದ ಪರಮಾಣು ಕಣಗಳ ಎಣಿಕೆ



ನಾರಾಯಣಖೇಡ್, ಜಹೀರಾಬಾದ್, ತಾಂಡೂರು ಭಾಗದ ಕನ್ನಡ ಶಾಲೆಗಳ ಮಕ್ಕಳಿಗೆ ತಾಂಡೂರಿನ ಹಾಸುಗಲ್ಲು ಅಪರಿಚಿತವಲ್ಲ. ಅದು ಸುಣ್ಣಕಲ್ಲು; ಅದರ ಮುಖ್ಯ ಘಟಕ ಕ್ಯಾಲ್ಸಿಯಂ ಕಾರ್ಬೊನೇಟ್. ಪರಮಾಣುವಿನ ಕಣಗಳನ್ನು ಎಣಿಸುವ ಪಾಠವನ್ನು ಈ ಕಲ್ಲಿನ ಕ್ಯಾಲ್ಸಿಯಂನಿಂದಲೇ ಆರಂಭಿಸಬಹುದು.

ಆವರ್ತ ಕೋಷ್ಟಕದಲ್ಲಿ ಕ್ಯಾಲ್ಸಿಯಂನ ಮನೆಯಲ್ಲಿ ಎರಡು ಸಂಖ್ಯೆಗಳಿವೆ: 20 ಮತ್ತು 40.08. ಮೊದಲನೆಯದು ಪರಮಾಣು ಸಂಖ್ಯೆ. ಅದೇ ಪ್ರೋಟಾನುಗಳ ಸಂಖ್ಯೆ. ಅದು ಬದಲಾದರೆ ಧಾತುವೇ ಬೇರೆಯಾಗುತ್ತದೆ. ತಟಸ್ಥ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳೂ 20. ಆದರೆ ಕಲ್ಲಿನೊಳಗಿನ ಕ್ಯಾಲ್ಸಿಯಂ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟ ಅಯಾನು. ಅಲ್ಲಿ ಅವು 18. ಆದ್ದರಿಂದ ವಿದ್ಯುದಾವೇಶವನ್ನು ತಿಳಿಯದೆ ಎಲೆಕ್ಟ್ರಾನುಗಳನ್ನು ಎಣಿಸಲಾಗದು.

ನ್ಯೂಟ್ರಾನುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ರಾಶಿ ಸಂಖ್ಯೆಯಿಂದ ಪರಮಾಣು ಸಂಖ್ಯೆಯನ್ನು ಕಳೆದರೆ ನ್ಯೂಟ್ರಾನುಗಳ ಸಂಖ್ಯೆ ದೊರೆಯುತ್ತದೆ. ಕೋಷ್ಟಕದಲ್ಲಿರುವುದಾದರೋ ರಾಶಿ ಸಂಖ್ಯೆಯಲ್ಲ. ನಿಸರ್ಗದಲ್ಲಿ ದೊರೆಯುವ ಐಸೋಟೋಪುಗಳ ಸರಾಸರಿ ರಾಶಿ. ಕ್ಲೋರಿನ್‌ನ 35.5ರಿಂದ 17ನ್ನು ಕಳೆದ ವಿದ್ಯಾರ್ಥಿ 18.5 ಎಂದು ಬರೆಯುತ್ತಾನೆ. ಲೆಕ್ಕ ಸರಿ, ಉತ್ತರ ತಪ್ಪು. ಅರ್ಧ ನ್ಯೂಟ್ರಾನ್ ಎಂಬುದಿಲ್ಲ.

ಸರಾಸರಿಯನ್ನು ಸಮೀಪದ ಪೂರ್ಣಾಂಕಕ್ಕೆ ತರುವ ರೂಢಿ ಕ್ಯಾಲ್ಸಿಯಂಗೆ ಒಪ್ಪುತ್ತದೆ: 40ರಿಂದ 20ನ್ನು ಕಳೆದರೆ 20. ನಿಸರ್ಗದ ಕ್ಯಾಲ್ಸಿಯಂ ಪರಮಾಣುಗಳಲ್ಲಿ ನೂರಕ್ಕೆ ಸುಮಾರು 97 ಇಂಥವೇ. ಬ್ರೋಮಿನ್‌ಗೆ ಈ ರೂಢಿ ಒಪ್ಪದು. ಅದರ 79.9ನ್ನು 80 ಎಂದೆಣಿಸಿ 35ನ್ನು ಕಳೆದರೆ 45 ಬರುತ್ತದೆ. ಆದರೆ ನಿಸರ್ಗದಲ್ಲಿರುವುದು ಬ್ರೋಮಿನ್-79 ಮತ್ತು ಬ್ರೋಮಿನ್-81, ಹೆಚ್ಚುಕಡಿಮೆ ಸಮಪ್ರಮಾಣದಲ್ಲಿ. ಅವುಗಳ ನ್ಯೂಟ್ರಾನುಗಳು 44 ಮತ್ತು 46. ಸರಾಸರಿ ತೋರಿಸುವ 45ರ ಸ್ಥಿರ ಪರಮಾಣುವೇ ಇಲ್ಲ.

ಇದು ಕೋಷ್ಟಕದ ದೋಷವಲ್ಲ. ಮೆಂಡಲೀವ್ ಅದನ್ನು ಪ್ರಕಟಿಸಿದ್ದು 1869ರಲ್ಲಿ. ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದದ್ದು 1932ರಲ್ಲಿ. ಧಾತುವನ್ನು ಗುರುತಿಸುವುದು ಪ್ರೋಟಾನ್. ನ್ಯೂಟ್ರಾನುಗಳ ಸಂಖ್ಯೆ ಆಯಾ ಐಸೋಟೋಪಿಗೆ ಸೇರಿದ್ದು.

ಹೀಗಾಗಿ ಪ್ರಶ್ನೆಯನ್ನು ರಚಿಸುವಲ್ಲಿಯೇ ಶಿಕ್ಷಕರ ಹೊಣೆ ಆರಂಭವಾಗುತ್ತದೆ. "ಕ್ಲೋರಿನ್‌ನಲ್ಲಿ ನ್ಯೂಟ್ರಾನುಗಳೆಷ್ಟು?" ಎಂಬ ಪ್ರಶ್ನೆ ಅಪೂರ್ಣ. "ಕ್ಲೋರಿನ್-37ರಲ್ಲಿ ನ್ಯೂಟ್ರಾನುಗಳೆಷ್ಟು?" ಎಂದು ಕೇಳಿದರೆ 20 ಎಂಬ ಒಂದೇ ಉತ್ತರವಿದೆ. ಸರಾಸರಿ ಎಂಬುದು ಮಕ್ಕಳಿಗೆ ಗಣಿತದ ತರಗತಿಯಲ್ಲಿಯೇ ಪರಿಚಿತವಾದ ಪದ. ಐದು ಮನೆಗಳಲ್ಲಿ ಹನ್ನೆರಡು ಮಕ್ಕಳಿದ್ದರೆ ಸರಾಸರಿ 2.4, ಆದರೆ ಯಾವ ಮನೆಯಲ್ಲಿಯೂ 2.4 ಮಕ್ಕಳಿರುವುದಿಲ್ಲ. ಇಷ್ಟನ್ನು ಮೊದಲು ಹೇಳಿದರೆ, 35.5ರ ಅರ್ಥ ಅವರಿಗೆ ತಾನಾಗಿ ಹೊಳೆಯುತ್ತದೆ.