ಹದಿನೈದು ರೂಪಾಯಿಯ ಪಹಣಿ



ಊರು ಬಿಟ್ಟು ಬಂದ ನಮ್ಮಂಥವರಿಗೆ ಊರಿನ ಜೊತೆ ಉಳಿದಿರುವ ನಂಟುಗಳು ಕೆಲವೇ. ಜಾತ್ರೆ, ಮನೆದೇವರು, ವಯಸ್ಸಾದ ತಂದೆತಾಯಿ, ಮತ್ತೆ ಒಂದಿಷ್ಟು ಜಮೀನು. ಆ ಜಮೀನು ನಮ್ಮದು ಅನ್ನುವುದಕ್ಕೆ ಇರುವ ಆಧಾರ ಒಂದು ಹಾಳೆ. ಹಳೇ ಮೈಸೂರಿನವರು ಅದಕ್ಕೆ ಪಹಣಿ ಅನ್ನುತ್ತಾರೆ. ವಿಜಯಪುರ, ಬೆಳಗಾವಿ ಕಡೆಯವರಿಗೆ ಅದು ಉತಾರ. ಕರಾವಳಿಯವರು ಆರ್‌ಟಿಸಿ ಎಂದೇ ಕರೆಯುತ್ತಾರೆ. ಈ ಹಾಳೆಯನ್ನು ಕೊಡುವ ಕರ್ನಾಟಕದ ಕಂದಾಯ ಇಲಾಖೆ ಒಮ್ಮೆ ತನ್ನ ನಡೆಯನ್ನೇ ಬದಲಿಸಿಕೊಂಡಿತು. ಅಷ್ಟು ದೊಡ್ಡ ಇಲಾಖೆ ಬದಲಾದದ್ದು ಹೇಗೆ ಎಂಬುದೇ ಇವತ್ತಿನ ಮಾತು.

ನಾನು ಚಿಕ್ಕವನಿದ್ದಾಗ ಅಪ್ಪ ನಾಲ್ಕು ದಿನ ರಜೆ ಹಾಕಿ, ನನ್ನನ್ನೂ ಕರೆದುಕೊಂಡು ಊರಿಗೆ ಹೋಗಿದ್ದರು. ಹೊಲ ಅಪ್ಪ ಮತ್ತು ಕಾಕಾ ಇಬ್ಬರ ಹೆಸರಿನಲ್ಲಿತ್ತು. ಬೆಳೆಸಾಲಕ್ಕೆ ಉತಾರ ಬೇಕಿತ್ತು. ಮೊದಲ ದಿನ ತಲಾಠಿ ಪಕ್ಕದ ಹಳ್ಳಿಗೆ ಹೋಗಿದ್ದರು. ಎರಡನೆಯ ದಿನ ತಾಲ್ಲೂಕಿನಲ್ಲಿ ಮೀಟಿಂಗ್. ಮೂರನೆಯ ದಿನ ಸಿಕ್ಕರು, ಆದರೆ ದಫ್ತರ ಮನೆಯಲ್ಲಿತ್ತು. ನಾಲ್ಕನೆಯ ದಿನ ಕೈಗೊಂದಿಷ್ಟು ಇಟ್ಟ ಮೇಲೆ ಉತಾರ ಬಂತು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಹೇಳಿದ ಮಾತು ನೆನಪಿದೆ: 'ನಮ್ಮ ಹೊಲ ನಮ್ಮದು ಅಂತ ಇನ್ನೊಬ್ಬರು ಹೇಳಬೇಕು ನೋಡಪ್ಪ.'

ಇದು ನಮ್ಮೊಬ್ಬರ ಕಥೆಯಲ್ಲ ಎಂದು ನಿಮಗೂ ಗೊತ್ತು. ಆಗ ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರಿದ್ದರು. ಒಬ್ಬೊಬ್ಬರಿಗೂ ಮೂರು ನಾಲ್ಕು ಹಳ್ಳಿ. ಕೈಬರಹದ ದಾಖಲೆ ಅವರ ಸುಪರ್ದಿನಲ್ಲೇ ಇರುತ್ತಿತ್ತು. ರೈತ ಅದನ್ನು ನೋಡುವಂತಿಲ್ಲ, ಮೇಲಧಿಕಾರಿಗೆ ಅಷ್ಟನ್ನೂ ತಪಾಸಣೆ ಮಾಡುವಷ್ಟು ಸಮಯವಿಲ್ಲ. ಒಂದು ಹೆಸರು ಹೊಡೆದು ಇನ್ನೊಂದನ್ನು ಬರೆದರೆ, ಎಷ್ಟೋ ವರ್ಷದ ಮೇಲೆ ಕೋರ್ಟಿನಲ್ಲಿ ಗೊತ್ತಾಗುತ್ತಿತ್ತು. ಊರಿನಲ್ಲಿ ಇಲ್ಲದವರಿಗೆ ಈ ಅಪಾಯ ಇನ್ನೂ ಹೆಚ್ಚು.

ಹಾಗಾದರೆ ಕಂಪ್ಯೂಟರ್ ತಂದರೆ ಸರಿಹೋಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಕಂಪ್ಯೂಟರ್ ಮೊದಲೇ ಬಂದಿತ್ತು! ಭೂದಾಖಲೆಗಳನ್ನು ಗಣಕೀಕರಿಸುವ ಕೇಂದ್ರ ಸರ್ಕಾರದ ಯೋಜನೆ ಶುರುವಾದದ್ದು 1988-89ರಲ್ಲಿ. ಕರ್ನಾಟಕದಲ್ಲೂ ತೊಂಬತ್ತರ ದಶಕದಲ್ಲಿ ಆ ಕೆಲಸ ನಡೆಯಿತು. ಆದರೆ ಯಂತ್ರಗಳು ಕೂತದ್ದು ಜಿಲ್ಲಾ ಕಚೇರಿಗಳಲ್ಲಿ. ಹಳ್ಳಿಯಲ್ಲಿ ಕೈಬರಹ ಎಂದಿನಂತೆ ಮುಂದುವರಿಯಿತು. ಇವತ್ತು ಟೈಪ್ ಮಾಡಿದ್ದು ನಾಳೆಯ ಹೊತ್ತಿಗೆ ಹಳತಾಗುತ್ತಿತ್ತು. ರೈತನಿಗೆ ಅದರಿಂದ ಏನೂ ಸಿಗಲಿಲ್ಲ.

'ಭೂಮಿ' ಎಂಬ ಹೆಸರಿನ ಯೋಜನೆ ಬೇರೆ ದಾರಿ ಹಿಡಿಯಿತು. ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ ಕಾಲ ಅದು. ಹೊಣೆ ಹೊತ್ತವರು ಕಂದಾಯ ಇಲಾಖೆಯಲ್ಲಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ತಂತ್ರಾಂಶ ಬರೆದುಕೊಟ್ಟದ್ದು ಎನ್‌ಐಸಿ. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಸೇರಿದವು. ಆಗಿನ 177 ತಾಲ್ಲೂಕು ಕಚೇರಿಗಳಲ್ಲೂ ಕೌಂಟರ್ ತೆರೆಯಿತು. 15 ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಪಹಣಿ ಪಡೆಯಬಹುದಾಯಿತು. ಆ ಹಣದಲ್ಲೇ ಕೌಂಟರಿನ ಖರ್ಚು ನಡೆಯುವಂತೆ ಲೆಕ್ಕ ಹಾಕಿದ್ದರು.

ಇಲಾಖೆಯನ್ನು ಬದಲಿಸಿದ್ದು ಮಾತ್ರ ಯಂತ್ರವಲ್ಲ, ಅದರ ಹಿಂದಿನ ಕೆಲವು ತೀರ್ಮಾನಗಳು. ಎಲ್ಲಕ್ಕಿಂತ ದೊಡ್ಡದು ಕೈಬರಹದ ಪಹಣಿಯನ್ನು ನಿಲ್ಲಿಸಿದ್ದು. ಒಂದು ತಾಲ್ಲೂಕಿನ ದಾಖಲೆ ಸಿದ್ಧವಾದ ಕೂಡಲೇ ಅಲ್ಲಿ ಅಧಿಸೂಚನೆ ಹೊರಡುತ್ತಿತ್ತು. ಅಂದಿನಿಂದ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ. ಹೊಸ ಬಾಗಿಲು ತೆರೆದು ಹಳೆಯದನ್ನೂ ತೆರೆದಿಟ್ಟರೆ ಜನ ಅಭ್ಯಾಸದ ಬಾಗಿಲಿಗೇ ಹೋಗುತ್ತಾರೆ, ನೌಕರರೂ ಅಲ್ಲೇ ಕೂರುತ್ತಾರೆ. ಹಿಂದಿನ ಪ್ರಯತ್ನ ಸೋತದ್ದು ಇಲ್ಲೇ.

ಇನ್ನೊಂದು ತೀರ್ಮಾನ ಸಿಬ್ಬಂದಿಯದು. ಇಷ್ಟು ದಿನ ದಫ್ತರ ಇಟ್ಟುಕೊಂಡಿದ್ದವರನ್ನು ಕಳ್ಳರೆಂದು ಹೊರಗಿಟ್ಟಿದ್ದರೆ ಈ ಕೆಲಸ ಆಗುತ್ತಿರಲಿಲ್ಲ. ಯಾವ ಸರ್ವೆ ನಂಬರಿನಲ್ಲಿ ಏನಿದೆ ಎಂದು ತಿಳಿದಿದ್ದವರು ಅವರೇ ತಾನೆ? ಟೈಪ್ ಮಾಡಿದ್ದನ್ನು ಮುದ್ರಿಸಿ ಅವರ ಕೈಗೇ ಕೊಟ್ಟು, ತಾಳೆ ನೋಡಿ ಸಹಿ ಹಾಕಿಸಿಕೊಂಡರು. ಸಹಿ ಬಿದ್ದ ಮೇಲೆ ಆ ದಾಖಲೆಗೆ ಅವರೂ ಜವಾಬ್ದಾರರು. ಕಂಪ್ಯೂಟರ್ ಮುಟ್ಟಿಯೇ ಗೊತ್ತಿಲ್ಲದವರಿಗೆ ತರಬೇತಿ ಕೊಟ್ಟರು.

ಇನ್ನು ಕೌಂಟರಿನ ವ್ಯವಸ್ಥೆ. ದಾಖಲೆಯಲ್ಲಿ ಬದಲಾವಣೆ ಮಾಡಬೇಕಾದ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. 'ನಾನು ಮಾಡಿಲ್ಲ' ಎನ್ನುವಂತಿಲ್ಲ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿ ಆಗಬೇಕು, ಬೇಕಾದವರದನ್ನು ಮುಂದಕ್ಕೆ ತರುವಂತಿಲ್ಲ. ಇನ್ನೂ ಒಂದಿದೆ, ನನಗೆ ತುಂಬ ಹಿಡಿಸಿದ್ದು ಇದೇ: ಕೌಂಟರಿನಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆ. ಒಳಗಿನವರು ಏನು ನೋಡುತ್ತಿದ್ದಾರೋ ಅದನ್ನು ಹೊರಗೆ ನಿಂತವರೂ ನೋಡುತ್ತಾರೆ. ತನ್ನ ಹೊಲದ ದಾಖಲೆಯನ್ನು ಯಾರನ್ನೂ ಬೇಡದೆ ನೋಡುವುದು ಎಂದರೆ ಸಣ್ಣ ಮಾತೇ?

ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಹಳ್ಳಿಯಲ್ಲೇ ಸಿಗುತ್ತಿದ್ದ ಹಾಳೆಗೆ ಮೊದಮೊದಲು ತಾಲ್ಲೂಕಿಗೆ ಬಸ್ಸು ಹಿಡಿಯಬೇಕಾಯಿತು. ಹೋಬಳಿ ಮಟ್ಟದ ಕೇಂದ್ರಗಳು ಆಮೇಲೆ ಬಂದವು. ಪಹಣಿ ಸಲೀಸಾದರೂ ಖಾತೆ ಬದಲಾವಣೆಗೆ ಅಲೆದಾಟ ತಪ್ಪಲಿಲ್ಲ ಎಂಬ ದೂರು ಉಳಿಯಿತು. ದಾಖಲೆ ಎಲ್ಲರಿಗೂ ತೆರೆದಾಗ ಅದರ ಲಾಭವನ್ನು ಬೇಗ ಪಡೆದದ್ದು ಜಮೀನು ಕೊಳ್ಳುವ ದೊಡ್ಡವರೇ ಎಂದು ಕೆಲವು ಸಂಶೋಧಕರು ಆಕ್ಷೇಪಿಸಿದರು. ಜೊತೆಗೆ, ಹಳೆಯ ಪುಸ್ತಕದಲ್ಲಿದ್ದ ತಪ್ಪು ಕಂಪ್ಯೂಟರಿಗೆ ಹೋದರೆ ತಪ್ಪಾಗಿಯೇ ಉಳಿಯುತ್ತದೆ, ಅಚ್ಚುಕಟ್ಟಾಗಿ ಕಾಣುತ್ತದೆ ಅಷ್ಟೇ.

ಆದರೂ ಒಂದು ಪಾಠ ಉಳಿಯುತ್ತದೆ. ಸರ್ಕಾರಿ ಇಲಾಖೆ ಬದಲಾಗುವುದೇ ಇಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇಲ್ಲಿ ಇದ್ದದ್ದು ಅದೇ ಇಲಾಖೆ, ಹೆಚ್ಚಿನ ಮಟ್ಟಿಗೆ ಅದೇ ಜನ. ಯಾವುದನ್ನು ನಿಲ್ಲಿಸಬೇಕು ಎಂದು ಮೊದಲೇ ನಿರ್ಧರಿಸಿ, ಹೇಳಿದ ದಿನ ನಿಲ್ಲಿಸಿ ತೋರಿಸಿದವರು ಇದ್ದರು. ನಾಯಕತ್ವ ಅಂದರೆ ಭಾಷಣ ಎಂದುಕೊಂಡವರಿಗೆ ಇದನ್ನು ಹೇಳಬೇಕು ಅನಿಸಿತು.

ನಿಮ್ಮ ಪಾಲಿಗೂ ಒಂದು ಕೆಲಸ ಉಳಿದಿದೆ. ಈಗ ಪಹಣಿಯನ್ನು ಮುಂಬಯಿಯಲ್ಲೋ ದೆಹಲಿಯಲ್ಲೋ ಕೂತು ಮೊಬೈಲಿನಲ್ಲೇ ನೋಡಬಹುದು. ಈ ಭಾನುವಾರ ಒಮ್ಮೆ ತೆಗೆದು ನೋಡಿ. ವಿಸ್ತೀರ್ಣ ಸರಿಯಿದೆಯೇ? ಹೆಸರು ಯಾರದಿದೆ? ಇನ್ನೂ ಅಜ್ಜನ ಹೆಸರೇ ಇದ್ದರೆ ಪೌತಿ ಖಾತೆ ಆಗಿಲ್ಲ ಎಂದರ್ಥ. ಅಂಥ ಜಮೀನುಗಳು ರಾಜ್ಯದಲ್ಲಿ ಇಂದಿಗೂ ಲಕ್ಷಗಟ್ಟಲೆ ಇವೆ. ಊರಿನ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಫೋನ್ ಮಾಡಿ, ಕೂತು ಮಾತಾಡಿ, ಅರ್ಜಿ ಹಾಕಿ.