ಶಾಲಾ ಮಂಡಳಿಯ ತೆರವಾದ ಸ್ಥಾನವೂ ನಮ್ಮ ಮತವೂ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಶಿಕ್ಷಣ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಹಾಡು, ನಾಟಕ, ಸನ್ಮಾನಗಳ ನಡುವೆ ಚುನಾವಣೆಯ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ಅದೂ ಲೋಕಸಭೆಯ ಚುನಾವಣೆಯಲ್ಲ, ಮಹಾನಗರಪಾಲಿಕೆಯದೂ ಅಲ್ಲ. ನಮ್ಮ ಮಕ್ಕಳು ಓದುವ ಶಾಲೆಯ ಮಂಡಳಿಯಲ್ಲಿ ತೆರವಾದ ಒಂದೇ ಒಂದು ಸ್ಥಾನಕ್ಕೆ ನಡೆಯತಕ್ಕ ಉಪಚುನಾವಣೆ. ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ದೊಡ್ಡ ಸಭೆಯ ಹೊತ್ತನ್ನು ತೆಗೆದುಕೊಳ್ಳುವುದು ಸರಿಯೆ ಎಂದು ನಮ್ಮ ಉಪಸಮಿತಿಯಲ್ಲೇ ಚರ್ಚೆ ನಡೆಯಿತು. ಕಡೆಗೆ, ಇದಕ್ಕೆ ಈ ದಿನಕ್ಕಿಂತ ತಕ್ಕ ದಿನ ಬೇರೆ ಇಲ್ಲವೆಂದು ತೀರ್ಮಾನಿಸಿದೆವು. ಕಾರಣವನ್ನು ಮೊದಲೇ ಹೇಳಿಬಿಡುತ್ತೇವೆ.

1956ನೆಯ ಇಸವಿ ನವೆಂಬರ್ 1ರಂದು ನಡೆದ ಕಾರ್ಯಗಳು ಎರಡು. ಮುಂಬಯಿ, ಹೈದರಾಬಾದು, ಮದ್ರಾಸು ರಾಜ್ಯಗಳಲ್ಲಿ ಹಂಚಿಹೋಗಿದ್ದ ಕನ್ನಡ ಜಿಲ್ಲೆಗಳೂ ಕೊಡಗೂ ಹಳೆಯ ಮೈಸೂರನ್ನು ಕೂಡಿ ಒಂದು ರಾಜ್ಯವಾದುದು ಮೊದಲನೆಯದು. ಅದನ್ನು ನಾವು ವರ್ಷವರ್ಷವೂ ನೆನೆಯುತ್ತೇವೆ. ಎರಡನೆಯದು ಆ ರಾಜ್ಯದ ಗಡಿಯಾಚೆ ಉಳಿದ ನಮ್ಮಂಥವರಿಗೆ ಸಂಬಂಧಪಟ್ಟದ್ದು. ಅದನ್ನು ನೆನೆಯುವವರು ವಿರಳ. ಅದೇ ದಿನ ಜಾರಿಗೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿಯು 350-ಎ ಎಂಬ ಹೊಸ ವಿಧಿಯೊಂದನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವುದಕ್ಕೆ ಸಾಕಷ್ಟು ಅನುಕೂಲ ಒದಗಿಸಲು ಪ್ರತಿಯೊಂದು ರಾಜ್ಯವೂ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು ಎಂಬುದು ಅದರ ತಾತ್ಪರ್ಯ.

‘ಪ್ರಯತ್ನಿಸಬೇಕು’ ಎಂಬ ಮಾತನ್ನು ಗಮನಿಸಿರಿ. ‘ಒದಗಿಸಲೇಬೇಕು’ ಎಂದು ಬರೆದಿಲ್ಲ. ಕೇಳುವವರಿದ್ದಲ್ಲಿ ಪ್ರಯತ್ನ ನಡೆಯುತ್ತದೆ. ಕೇಳುವವರಿಲ್ಲದಲ್ಲಿ ಕಾಗದದ ಮೇಲೆ ಉಳಿಯುತ್ತದೆ. ಇದಕ್ಕೂ ಮೊದಲು, 1949ರ ಆಗಸ್ಟ್ ತಿಂಗಳಿನಲ್ಲಿ, ಪ್ರಾಂತಗಳ ಶಿಕ್ಷಣ ಮಂತ್ರಿಗಳೆಲ್ಲ ಸೇರಿ ಒಂದು ಲೆಕ್ಕ ಹಾಕಿಕೊಟ್ಟಿದ್ದರು: ಒಂದು ತರಗತಿಯಲ್ಲಿ 10 ಮಕ್ಕಳು, ಇಲ್ಲವೆ ಇಡೀ ಶಾಲೆಯಲ್ಲಿ 40 ಮಕ್ಕಳು ಆ ಭಾಷೆಯವರಿದ್ದರೆ ಅವರಿಗೆ ಆ ಭಾಷೆಯ ಒಬ್ಬ ಶಿಕ್ಷಕರನ್ನು ನೇಮಿಸಬೇಕು. ಹತ್ತು ಮತ್ತು ನಲವತ್ತು; ಈ ಎರಡು ಅಂಕಿಗಳನ್ನು ತಾಯಂದಿರು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳಬೇಕೆಂದು ಬೇಡುತ್ತೇವೆ.

ನಾವಿರುವ ಈ ಮುಂಬಯಿಯ ಮಹಾನಗರಪಾಲಿಕೆಯು ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದ ಸಂಸ್ಥೆ. ಆ ಎಂಟರಲ್ಲಿ ಕನ್ನಡವೂ ಒಂದು. ಇದು ಸಣ್ಣ ಉಪಕಾರವಲ್ಲ. ಆದರೆ ಆ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಮೆಯಾಗುತ್ತ ಬಂದಿರುವುದನ್ನು ನೀವೆಲ್ಲ ಕಂಡಿದ್ದೀರಿ. ಒಂದು ತರಗತಿ ಮುಚ್ಚುವಾಗ ಡಂಗುರ ಹೊಡೆಯುವುದಿಲ್ಲ. ಜೂನ್ ತಿಂಗಳಿನಲ್ಲಿ ಮಗುವಿನ ಕೈ ಹಿಡಿದು ಹೋದರೆ ಒಂದನೆಯ ಇಯತ್ತೆಗೆ ಕನ್ನಡ ಮಾಸ್ತರರಿಲ್ಲ, ಅಷ್ಟೆ. ಅಲ್ಲಿಗೆ ಗಲಾಟೆ ಮಾಡಿ ಪ್ರಯೋಜನವಿಲ್ಲ. ಆ ಮಾತು ನಿಶ್ಚಯವಾಗಿ ಆಗಲೇ ಆರು ತಿಂಗಳು ಕಳೆದಿರುತ್ತವೆ. ಎಲ್ಲಿ ನಿಶ್ಚಯವಾಯಿತು ಎಂದರೆ, ಅನೇಕ ವೇಳೆ ನಾವು ಹೋಗದೆ ಉಳಿದ ಆ ಮಂಡಳಿಯ ಸಭೆಯಲ್ಲಿ.

2009ರ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 21ನೆಯ ಕಲಮಿನಂತೆ ಸರಕಾರದ, ಪಾಲಿಕೆಯ ಶಾಲೆಗಳಿಗೂ ಅನುದಾನಿತ ಶಾಲೆಗಳಿಗೂ ಒಂದೊಂದು ವ್ಯವಸ್ಥಾಪನ ಮಂಡಳಿ ಇರಬೇಕು. ಸದಸ್ಯರಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿಗಳೋ ಪೋಷಕರೋ ಆಗಿರಬೇಕು. ಒಟ್ಟಿನಲ್ಲಿ ಅರ್ಧ ಪಾಲು ಹೆಂಗಸರಿರಬೇಕು. ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪಾಲಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು. ಕೇಂದ್ರದವರು 2010ರಲ್ಲಿ ಕೊಟ್ಟ ಮಾದರಿ ನಿಯಮಗಳಂತೆ ಅಧ್ಯಕ್ಷರನ್ನು ಪಾಲಕರೊಳಗಿಂದಲೇ ಆರಿಸಬೇಕು. ಮುಖ್ಯಾಧ್ಯಾಪಕರು ಸಂಚಾಲಕರು ಮಾತ್ರ. ತಿಂಗಳಿಗೊಂದಾದರೂ ಸಭೆ, ಎರಡು ವರ್ಷಕ್ಕೊಮ್ಮೆ ಹೊಸ ಮಂಡಳಿ.

ಆ ಎರಡು ವರ್ಷಗಳ ನಡುವೆ ಸ್ಥಾನ ತೆರವಾಗುವುದು ಹೇಗೆ? ಸದಸ್ಯರ ಮಗು ಕೊನೆಯ ತರಗತಿ ಮುಗಿಸಿ ಹೊರಡುತ್ತದೆ. ಅಥವಾ ಮನೆಯವರು ವಿರಾರಿಗೋ ಪನವೇಲಿಗೋ ಮನೆ ಬದಲಿಸುತ್ತಾರೆ. ಕಟ್ಟಡದ ಕೆಲಸದವರಾದರೆ ಕಟ್ಟಡ ಮುಗಿದೊಡನೆ ಜಾಗ ಬಿಡುತ್ತಾರೆ. ಊರೂರು ತಿರುಗುವವರ ಶಾಲೆಯಲ್ಲಿ ಸ್ಥಾನಗಳು ಉಳಿದ ಶಾಲೆಗಳಿಗಿಂತ ಬೇಗ ಖಾಲಿಯಾಗುತ್ತವೆ. ಆದ್ದರಿಂದಲೇ ಈ ಉಪಚುನಾವಣೆ ನಮ್ಮವರ ಚುನಾವಣೆ ಎಂದು ನಾವು ಹೇಳುವುದು. ಒಂದು ಎಚ್ಚರಿಕೆ: ತೆರವಾದುದು ಹೆಣ್ಣುಮಗಳ ಸ್ಥಾನವಾಗಿದ್ದು, ಅದರಿಂದ ಅರ್ಧದ ಲೆಕ್ಕ ತಪ್ಪುವಂತಿದ್ದರೆ ಅಲ್ಲಿಗೆ ಹೆಣ್ಣುಮಗಳೇ ಬರಬೇಕು. ‘ಅವರ ಯಜಮಾನರು ಬಂದರೆ ಸಾಕು’ ಎಂಬ ಮಾತಿಗೆ ಒಪ್ಪಬೇಡಿರಿ.

ಇನ್ನು ಮತ ಯಾರಿಗುಂಟು? ಇಲ್ಲಿ ಪರದೇಶಿಗಳಾದ ನಮಗೆ ಕಾಯಿದೆ ಮಾಡಿಕೊಟ್ಟಿರುವ ದೊಡ್ಡ ಅನುಕೂಲವೊಂದಿದೆ. ನಮ್ಮಲ್ಲಿ ಅನೇಕರ ಹೆಸರು ಇಂದಿಗೂ ಕುಂದಾಪುರದ, ಇಂಡಿಯ, ಕುಮಟೆಯ ಮತದಾರರ ಪಟ್ಟಿಯಲ್ಲಿದೆ. 1950ರ ಪ್ರಜಾಪ್ರತಿನಿಧಿ ಕಾಯಿದೆಯಂತೆ ಒಬ್ಬರ ಹೆಸರು ಎರಡು ಕ್ಷೇತ್ರಗಳಲ್ಲಿ ಇರಕೂಡದು. ಹೀಗಾಗಿ ಊರಿನ ಪಟ್ಟಿಯಲ್ಲಿ ಹೆಸರನ್ನು ಉಳಿಸಿಕೊಂಡವರಿಗೆ ಪಾಲಿಕೆಯ ಚುನಾವಣೆಯಲ್ಲಿ ಇಲ್ಲಿ ಮತವಿಲ್ಲ. ಮತ ಇದ್ದಲ್ಲಿಗೆ ಹೋಗಿಬರಲು ರಜೆಯಿಲ್ಲ. ಶಾಲಾ ಮಂಡಳಿಗೆ ಮಾತ್ರ ಈ ತೊಡಕು ಯಾವುದೂ ತಟ್ಟುವುದಿಲ್ಲ. ಶಾಲೆಯ ಜನರಲ್ ರಜಿಸ್ಟರಿನಲ್ಲಿ ಮಗುವಿನ ಹೆಸರು ಇರುವುದೇ ಅಲ್ಲಿ ಪಾಲಕರ ಅರ್ಹತೆ. ಎಂಟು ವರ್ಷದ ಹುಡುಗಿಯೊಬ್ಬಳ ಹಾಜರಿಯಿಂದ ಅವಳ ತಾಯಿಗೆ ಈ ಮಹಾನಗರದಲ್ಲಿ ಒಂದು ಮತ ಹುಟ್ಟುತ್ತದೆ. ಇಲ್ಲಿಗೆ ಬಂದು ಹದಿನೈದು ವರ್ಷವಾದರೂ ಯಾವ ಚುನಾವಣೆಯಲ್ಲೂ ಕೈಯೆತ್ತದ ಎಷ್ಟೋ ತಾಯಂದಿರು ಈ ಸಭೆಯಲ್ಲಿಯೇ ಇದ್ದಾರೆ. ತಂದೆ ತಾಯಿ ಇಬ್ಬರೂ ಮತ ಕೊಡಬಹುದೋ, ಮನೆಗೊಂದೇ ಮತವೋ ಎಂಬುದನ್ನು ಸಭೆಯ ಸೂಚನೆ ಬಂದ ದಿನವೇ ಮುಖ್ಯಾಧ್ಯಾಪಕರಲ್ಲಿ ಕೇಳಿ ತಿಳಿಯಿರಿ. ಮಗುವಿನ ಗುರುತಿನ ಚೀಟಿಯನ್ನೋ ಪ್ರಗತಿ ಪುಸ್ತಕವನ್ನೋ ಜೊತೆಗೆ ಒಯ್ಯಿರಿ.

ಸೂಚನೆ ಬರುವುದು ಮಗುವಿನ ಚೀಲದಲ್ಲಿ. ಅದನ್ನು ಓದದೆ ಸಹಿ ಹಾಕಿ ಕಳಿಸುವ ಅಭ್ಯಾಸ ನಮ್ಮಲ್ಲಿ ಬಹಳವಿದೆ. ಸಭೆ ಸೋಮವಾರ ಹನ್ನೊಂದು ಗಂಟೆಗೆ ಎಂದಿರುತ್ತದೆ. ಹೋಟೆಲಿನಲ್ಲಿ, ಕಾರಖಾನೆಯಲ್ಲಿ, ನಾಲ್ಕು ಮನೆಯ ಕೆಲಸದಲ್ಲಿ ಇರುವವರು ಆ ಹೊತ್ತಿಗೆ ಬರುವಂತಿಲ್ಲ. ಹಾಗಾದರೆ ಹತ್ತು ಪಾಲಕರು ಸಹಿ ಮಾಡಿ, ಭಾನುವಾರವೋ ಸಂಜೆಯೋ ಸಭೆ ಕರೆಯಬೇಕೆಂದು ಮುಖ್ಯಾಧ್ಯಾಪಕರಿಗೆ ವಿನಯದಿಂದ ಬರೆದುಕೊಡಿರಿ. ಬರೆದ ಕಾಗದಕ್ಕೆ ಉತ್ತರ ಕೊಡಬೇಕಾಗುತ್ತದೆ. ಬಾಯಿಮಾತು ಗಾಳಿಗೆ ಹೋಗುತ್ತದೆ.

ಮತ ಕೊಡುವ ರೀತಿಯ ವಿಚಾರವಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಅನೇಕ ಶಾಲೆಗಳಲ್ಲಿ ಕೈ ಎತ್ತಿಸಿ ಎಣಿಸುತ್ತಾರೆ. ನೋಡುವುದಕ್ಕೆ ಸರಳ, ಆದರೆ ಎಣಿಸುವಾಗ ಎಲ್ಲರೂ ಎಲ್ಲರನ್ನೂ ನೋಡುತ್ತಿರುತ್ತಾರೆ. ಉಮೇದುವಾರರು ನಮ್ಮ ಕೋಣೆಯ ಮಾಲಕರಾಗಿರಬಹುದು, ಕೈಗಡ ಕೊಟ್ಟವರಾಗಿರಬಹುದು, ನಮ್ಮ ಊರಿನ ಗುತ್ತಿನವರೇ ಆಗಿರಬಹುದು. ಅವರ ಎದುರಿಗೆ ಕೈ ಕೆಳಗಿಟ್ಟು ಕೂಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಇರಬೇಕೆಂದು ಬಡವರನ್ನು ಒತ್ತಾಯಿಸುವುದು ನ್ಯಾಯವೂ ಅಲ್ಲ. ಆದ್ದರಿಂದ ಇಬ್ಬರು ನಿಂತಿದ್ದರೆ ‘ಚೀಟಿ ಹಾಕಿಸಿರಿ’ ಎಂದು ಸಭೆಯ ಆರಂಭದಲ್ಲಿಯೇ ಕೇಳಿರಿ. ಮಧ್ಯದಲ್ಲಿ ಕೇಳಿದರೆ ಯಾರ ಮೇಲೋ ಸಂಶಯಪಟ್ಟಂತೆ ಕಾಣುತ್ತದೆ. ಅಕ್ಷರ ಬಾರದವರಿಗಾಗಿ ಹೂವು, ದೀಪ ಎಂದು ಗುರುತು ಇಟ್ಟರೆ ಆಯಿತು. ಎರಡು ಹಾಳೆ ಕಾಗದ, ಒಂದು ಖಾಲಿ ಡಬ್ಬಿ, ಇಷ್ಟೇ ಖರ್ಚು.

ಚೀಟಿಗಿಂತ ಮುಂಚಿನ ತೊಡಕೆಂದರೆ ನಮ್ಮ ಸಂಕೋಚ. ‘ನಮಗೇನು ತಿಳಿಯುತ್ತದೆ ಮಾಸ್ತರರೆ, ನೀವೇ ಯಾರ ಹೆಸರನ್ನಾದರೂ ಬರೆದುಕೊಳ್ಳಿ’ ಎಂಬ ಮಾತನ್ನು ನಾವು ಹಲವು ಸಭೆಗಳಲ್ಲಿ ಕಿವಿಯಾರೆ ಕೇಳಿದ್ದೇವೆ. ಮಾಸ್ತರರು ಒಳ್ಳೆಯವರೇ ಇರಬಹುದು. ಆದರೆ ಮಂಡಳಿ ಇರುವುದು ಶಾಲೆಯ ಕೆಲಸವನ್ನು ನೋಡಿಕೊಳ್ಳುವುದಕ್ಕೆ. ನೋಡಿಕೊಳ್ಳಬೇಕಾದವರನ್ನು ಶಾಲೆಯೇ ಆರಿಸಿದರೆ ಕಾಯಿದೆ ಏತಕ್ಕೆ ಬೇಕಾಗಿತ್ತು?

ಯಾರಿಗೆ ಮತ ಕೊಡಬೇಕು? ಕನ್ನಡಿಗರಿಗೆ ಎಂದು ನಾವು ಹೇಳುವೆವೆಂದು ನೀವು ನಿರೀಕ್ಷಿಸಿರಬಹುದು. ನಾವು ಹಾಗೆ ಹೇಳಲಾರೆವು. ಒಂದೇ ಕಟ್ಟಡದಲ್ಲಿ ಮರಾಠಿ, ಕನ್ನಡ ವರ್ಗಗಳೆರಡೂ ನಡೆದು, ಎರಡಕ್ಕೂ ಸೇರಿ ಒಂದೇ ಮಂಡಳಿಯಿರುವಲ್ಲಿ, ತಿಂಗಳ ಸಭೆಗೆ ತಪ್ಪದೆ ಬಂದು, ಮಧ್ಯಾಹ್ನದ ಊಟದ ಅಕ್ಕಿಯನ್ನು ಕೈಯಲ್ಲಿ ಹಿಡಿದು ನೋಡುವ ಮರಾಠಿ ತಾಯಿಯೊಬ್ಬರು, ಸಭೆಗೇ ಬಾರದ ನಮ್ಮವರಿಗಿಂತ ಕನ್ನಡ ವರ್ಗಕ್ಕೆ ಹೆಚ್ಚು ಉಪಯೋಗಕ್ಕೆ ಬಂದಾರು. ಮರಾಠಿಯೊಡನೆ ನಮಗೆ ಜಗಳವೂ ಇಲ್ಲ. ಮಹಾರಾಷ್ಟ್ರದ 2020ರ ಕಾಯಿದೆಯಂತೆ ಮರಾಠಿ ಎಲ್ಲ ಶಾಲೆಗಳಲ್ಲಿಯೂ ಕಡ್ಡಾಯ. ಅನ್ನ ಕೊಟ್ಟ ನೆಲದ ನುಡಿಯನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಉಮೇದುವಾರರಿಗೆ ಮೂರು ಪ್ರಶ್ನೆ ಹಾಕಿರಿ. ನಿಮ್ಮ ಮಗು ಇನ್ನೂ ಎಷ್ಟು ವರ್ಷ ಇಲ್ಲಿ ಓದುತ್ತದೆ? ತಿಂಗಳಿಗೊಮ್ಮೆ ಬಿಡುವು ಆಗುತ್ತದೆಯೆ? ಮುಂದಿನ ವರ್ಷದ ಯೋಜನೆಯಲ್ಲಿ ಕನ್ನಡ ವರ್ಗಕ್ಕೆ ಏನು ಬರೆಸುತ್ತೀರಿ?

ಈ ಮೂರನೆಯ ಪ್ರಶ್ನೆಯಲ್ಲೇ ನಮ್ಮ ಮಾತಿನ ತಿರುಳಿದೆ. ಕಾಯಿದೆಯ 22ನೆಯ ಕಲಮಿನಂತೆ ಮಂಡಳಿಯು ಶಾಲೆಯ ಅಭಿವೃದ್ಧಿ ಯೋಜನೆಯನ್ನು ಬರೆಯಬೇಕು. ಮಾದರಿ ನಿಯಮಗಳಂತೆ ಅದು ಮೂರು ವರ್ಷಗಳ ಯೋಜನೆ. ತರಗತಿ ತರಗತಿಗೂ ಎಷ್ಟು ಮಕ್ಕಳು ಬರುವರೆಂಬ ಅಂದಾಜು, ಎಷ್ಟು ಶಿಕ್ಷಕರು ಬೇಕು, ಯಾವ ಕೋಣೆ, ಎಷ್ಟು ಹಣ, ಎಲ್ಲವೂ ಅದರಲ್ಲಿರಬೇಕು. ಪ್ರಾಥಮಿಕ ತರಗತಿಗಳಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂಬುದು ಕಾಯಿದೆಯ ಪರಿಶಿಷ್ಟದಲ್ಲಿರುವ ಲೆಕ್ಕ. ಮಕ್ಕಳ ಸಂಖ್ಯೆ ಏರಿದಂತೆ ಶಿಕ್ಷಕರ ಸಂಖ್ಯೆಯೂ ಏರುತ್ತದೆ. ಯೋಜನೆ ಸಿದ್ಧವಾಗಬೇಕಾದುದು ಆರ್ಥಿಕ ವರ್ಷ ಮುಗಿಯುವುದಕ್ಕೆ ಮೂರು ತಿಂಗಳು ಮೊದಲು, ಎಂದರೆ ಡಿಸೆಂಬರ್ ಮುಗಿಯುವುದರೊಳಗೆ. ನವೆಂಬರಿನಲ್ಲಿ ಆರಿಸಿ ಬಂದ ಸದಸ್ಯರು ಕೂಡುವ ಮೊದಲನೆಯ ಸಭೆಗಳಲ್ಲಿಯೇ ಬರುವ ಜೂನಿನ ಅಂಕಿ ನಿಶ್ಚಯವಾಗುತ್ತದೆ. ‘ಕನ್ನಡ ಒಂದನೆಯ ಇಯತ್ತೆ: 4 ಮಕ್ಕಳು’ ಎಂದು ಯಾರೋ ಬರೆದರೆ, ‘ತಡೆಯಿರಿ, ನಮ್ಮ ಚಾಳಿನಲ್ಲಿಯೇ ಏಳು ಮಕ್ಕಳಿದ್ದಾರೆ, ಪಟ್ಟಿ ತಂದಿದ್ದೇನೆ’ ಎನ್ನುವ ಒಬ್ಬರು ಅಲ್ಲಿ ಕುಳಿತಿರಬೇಕು. ನಾಲ್ಕು ಮತ್ತು ಏಳು ಸೇರಿದರೆ ಹನ್ನೊಂದು. ಮಂತ್ರಿಗಳು ಹೇಳಿದ ಹತ್ತನ್ನು ದಾಟಿತು.

ಬೇರೆ ಊರುಗಳಿಂದ ಬಂದ ನೆಂಟರೂ ಈ ಸಭೆಯಲ್ಲಿರುವುದರಿಂದ ಎರಡು ಮಾತು. ದಿಲ್ಲಿಯ 2011ರ ನಿಯಮಗಳಂತೆ ಮಂಡಳಿಯಲ್ಲಿ 16 ಜನ, ಅವರಲ್ಲಿ 12 ಪಾಲಕರು. ಹೈದರಾಬಾದಿನ ಕಡೆ ಆಂಧ್ರಪ್ರದೇಶದ 2010ರ ನಿಯಮಗಳಿಂದ ಬಂದ ಪದ್ಧತಿಯಲ್ಲಿ ತರಗತಿಗೆ ಮೂವರು ಪಾಲಕರು. ಆಯಾ ತರಗತಿಯ ಪಾಲಕರೇ ಆರಿಸುತ್ತಾರೆ. ಕನ್ನಡ ಸಂಘಗಳು ನಡೆಸುವ ಅನುದಾನಿತ, ಭಾಷಾ ಅಲ್ಪಸಂಖ್ಯಾತ ಶಾಲೆಗಳಲ್ಲಿ, 2012ರ ತಿದ್ದುಪಡಿಯಂತೆ, ಮಂಡಳಿಗೆ ಸಲಹೆ ಕೊಡುವ ಅಧಿಕಾರ ಮಾತ್ರ. ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಈ ಮಂಡಳಿಯೇ ಇಲ್ಲ. ಮಹಾರಾಷ್ಟ್ರದಲ್ಲಿ ಅಂಥ ಶಾಲೆಗಳಿಗೆ 2011ರ ಶುಲ್ಕ ನಿಯಂತ್ರಣ ಕಾಯಿದೆಯು ಪಾಲಕ-ಶಿಕ್ಷಕ ಸಂಘವನ್ನು ಹೇಳಿದೆ. ಅದರ ಕಾರ್ಯಕಾರಿ ಸಮಿತಿಯನ್ನು ಮತದಿಂದಲ್ಲ, ಚೀಟಿ ಎತ್ತಿ ನಿಶ್ಚಯಿಸುತ್ತಾರೆ. ಹೆಸರು ಕೊಟ್ಟವರಿಗೆ ಮಾತ್ರ ಚೀಟಿ ಬೀಳುತ್ತದೆ, ಅದೂ ನೆನಪಿರಲಿ.

ಮತ ಮುಗಿದ ಮೇಲೆ ಎದ್ದು ಓಡಬೇಡಿರಿ. ಆರಿಸಿ ಬಂದವರ ಹೆಸರು, ಬಂದ ಮತಗಳು, ಹಾಜರಿದ್ದವರ ಸಂಖ್ಯೆ ನಡಾವಳಿ ಪುಸ್ತಕಕ್ಕೆ ಏರಿತೆ ಎಂದು ನೋಡಿ, ಓದಿ ಹೇಳಿಸಿಕೊಂಡು, ಆಮೇಲೆ ಸಹಿ ಮಾಡಿರಿ. ಮಂಡಳಿಯ ನಡಾವಳಿ ಸಾರ್ವಜನಿಕರಿಗೆ ನೋಡಲು ಸಿಗಬೇಕೆಂದು ಮಾದರಿ ನಿಯಮಗಳೇ ಹೇಳುತ್ತವೆ.

ಕೊನೆಯದಾಗಿ, ದೀಪಾವಳಿ ಮುಗಿಸಿ ಊರಿನಿಂದ ಹೊಸದಾಗಿ ಬಂದ ಕುಟುಂಬಗಳ ವಿಷಯ. ಮಗುವಿನ ಜನ್ಮದಾಖಲೆ ಇಲ್ಲವೆಂದು ಅವರು ಶಾಲೆಯ ಕಡೆ ಹೋಗದೆ ಉಳಿದಿರುತ್ತಾರೆ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಕೂಡದೆಂದು 14ನೆಯ ಕಲಮು, ವರ್ಗಾವಣೆ ಪತ್ರ ತಡವಾಯಿತೆಂದು ನಿರಾಕರಿಸಕೂಡದೆಂದು 5ನೆಯ ಕಲಮು ಸ್ಪಷ್ಟವಾಗಿ ಹೇಳಿವೆ. ಅಂಥವರು ನಿಮ್ಮ ಚಾಳಿನಲ್ಲಿದ್ದರೆ ಮಂಡಳಿಯ ಸಭೆಗೆ ಮುಂಚೆಯೇ ಮಗುವಿನ ಹೆಸರನ್ನು ದಾಖಲು ಮಾಡಿಸಿರಿ. ಮಗುವಿಗೆ ಶಾಲೆಯಾಗುತ್ತದೆ, ತಾಯಿಗೆ ಮತವಾಗುತ್ತದೆ. ಅರ್ಜಿ ಬರೆಯಲು ಬಾರದವರನ್ನು ಸಂಘದ ಕಚೇರಿಗೆ ಕರೆದುಕೊಂಡು ಬನ್ನಿರಿ. ಈ ತಿಂಗಳಿನ ಪ್ರತಿ ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ನಮ್ಮ ಉಪಸಮಿತಿಯ ಇಬ್ಬರು ಅಲ್ಲಿ ಕುಳಿತಿರುತ್ತೇವೆ. ಕಾಗದವೂ ಲೇಖನಿಯೂ ನಮ್ಮವೇ.